ಆ ಹದಿನೈದು ವರ್ಷ ಎಲ್ಲಿ ಹೋಯಿತು?

ಸಂಪಾದಕರೇ,

ನಮ್ಮ ಅಪ್ಪ 1983ರಲ್ಲಿ ಸಕಲೇಶಪುರದ ಕಡೆ ರಸ್ತೆ ಕೆಲಸಕ್ಕೆ ದಿನಗೂಲಿಯಾಗಿ ಸೇರಿದರು. ಆಷಾಢದ ಮಳೆಯಲ್ಲಿ ಗೊರಬು ಹಾಕಿಕೊಂಡು ಚರಂಡಿ ಬಿಡಿಸಬೇಕು, ಬಿದ್ದ ಮರ ಕಡಿದು ದಾರಿ ಮಾಡಬೇಕು. ಕಾಯಂ ನೌಕರರದ್ದೂ ಅದೇ ಕೆಲಸ, ಅದೇ ಹಾರೆ. ಅಪ್ಪನ ಹೆಸರು ಮಾತ್ರ ದಿನಗೂಲಿಯವರ ಹಾಜರಿ ಪುಸ್ತಕವಾದ ಮಸ್ಟರ್ ರೋಲ್‌ನಲ್ಲಿ.

ಕಾಯಂ ಆಗಿದ್ದು 1998ರಲ್ಲಿ. 2006ರಲ್ಲಿ ನಿವೃತ್ತಿ. ಪಿಂಚಣಿಗೆ ಕನಿಷ್ಠ 10 ವರ್ಷದ ಅರ್ಹ ಸೇವೆ ಬೇಕು, ನಿಮ್ಮದು ಎಂಟೇ ಅಂದರು. ಹಿಂದಿನ 15 ವರ್ಷ ಲೆಕ್ಕಕ್ಕೇ ಇಲ್ಲವಂತೆ! ಒಂದಿಷ್ಟು ದುಡ್ಡು ಕೊಟ್ಟು ಕಳಿಸಿದರು. ಅಕ್ಕನ ಮದುವೆ ಸಾಲಕ್ಕೂ ಅದು ಸಾಲಲಿಲ್ಲ.

ಉತ್ತರ ಪ್ರದೇಶದ ವರ್ಕ್‌ಚಾರ್ಜ್ (ಕಾಮಗಾರಿಯ ಖರ್ಚಿನಲ್ಲೇ ಸಂಬಳ ಪಡೆಯುವ) ನೌಕರರ ಪ್ರಕರಣದಲ್ಲಿ, ಕಾಯಂ ಆಗುವ ಮುಂಚಿನ ಸೇವೆಯನ್ನೂ ಪಿಂಚಣಿಗೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ನಮ್ಮ ದಿನಗೂಲಿ ನೌಕರರದ್ದು ಬೇರೆ ನಿಯಮ ಅನ್ನಬಹುದು. ಆದರೆ ಹಾರೆ ಹಿಡಿದ ಕೈಗೆ ಅದೇನು ವ್ಯತ್ಯಾಸ, ಅಲ್ವಾ? ಎಪ್ಪತ್ತು ದಾಟಿದವರು ಒಬ್ಬೊಬ್ಬರೇ ವಕೀಲರನ್ನು ಹಿಡಿದು ಬೆಂಗಳೂರಿಗೆ ಅಲೆಯಲು ಆಗುತ್ತದೆಯೇ? ಅರ್ಧ ಸೇವೆಯನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಸರ್ಕಾರ ಒಂದೇ ಆದೇಶ ಹೊರಡಿಸಲಿ. ಅಪ್ಪನಿಗೆ ಎಂಟರ ಜೊತೆ ಏಳೂವರೆ ಸೇರಿದರೆ ಸಾಕಿತ್ತು.

ಇನ್ನೊಂದು ಮಾತು. ಹಳೇ ಮಸ್ಟರ್ ರೋಲ್ ಕೇಳಿದರೆ ಕಚೇರಿಯಲ್ಲಿ ‘ಸಿಗ್ತಿಲ್ಲ’ ಅನ್ನುತ್ತಾರೆ. ಅದನ್ನು ಜೋಪಾನ ಮಾಡಬೇಕಾದವರು ಯಾರು? ಅಪ್ಪ ಮಾತ್ರ ಕೂಲಿ ಚೀಟಿಗಳನ್ನು ಇಂದಿಗೂ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಿದ್ದಾರೆ.

– ನಿವೃತ್ತ ನೌಕರರೊಬ್ಬರ ಮಗಳು, ಹಾಸನ