ಬಿದ್ರಿ ಬೇಕು, ಬಿದ್ರಿ ಮಾಡುವ ಓಣಿ ಬೇಡವಾ?

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರೇ, ನಮಸ್ಕಾರ.

ನಾನು ಬೀದರ್ ಹಳೇ ಊರಿನವನು. ಊರ ನಡುವಿನ ಹಳೇ ಕಾವಲು ಗೋಪುರ ಚೌಬಾರಾದಿಂದ ಮಹಮೂದ್ ಗವಾನ್ ಮದರಸಾ ಕಡೆ ನಡೆದರೆ ನಮ್ಮ ಓಣಿ ಸಿಗುತ್ತದೆ. ಮತ್ತೆ ರಸ್ತೆ ಅಗಲ ಮಾಡ್ತಾರಂತೆ, ಗೋಡೆಗಳಿಗೆ ಚಿತ್ರ ಬರೆಸ್ತಾರಂತೆ, ಬಿದ್ರಿ, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ನಮ್ಮೂರ ಕಲೆ, ಅದರ ಕೆಲಸದವರಿಗೆ ಊರ ಹೊರಗೆ ಕಾಂಪ್ಲೆಕ್ಸ್ ಕಟ್ತಾರಂತೆ ಅಂತ ಚಹಾ ಅಂಗಡಿಯಲ್ಲಿ ದಿನಾ ಇದೇ ಮಾತು. ನಿಜವೋ ಸುಳ್ಳೋ, ಒಡೆಯುವ ಮನೆಗಳಿಗೆ ಕೆಂಪು ಗುರುತು ಹಾಕುವವರು ಬರುವ ಮುಂಚೆಯೇ ಬರೆದುಬಿಡೋಣ ಅನ್ನಿಸಿತು.

ಹಿಂದೊಮ್ಮೆ ಅಗಲ ಮಾಡಿದಾಗ ನಮ್ಮ ಮನೆ ಮುಂದಿನ ಕಟ್ಟೆ ಹೋಯಿತು. ಅಜ್ಜಿ ಅಲ್ಲೇ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಈಗ ಅಲ್ಲಿ ಯಾರದೋ ಬೈಕ್ ನಿಲ್ಲುತ್ತದೆ.

ಬಿದ್ರಿ ಒಬ್ಬರ ಕೈಕೆಲಸ ಅಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುವವರು ಒಬ್ಬರು, ಉಳಿ ಹಿಡಿದು ಹೂಬಳ್ಳಿ ಕೆತ್ತುವವರು ಇನ್ನೊಬ್ಬರು, ಆ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುವವರು ಮತ್ತೊಬ್ಬರು. ಕೊನೆಗೆ ಕೋಟೆಯ ಹಳೇ ಮಣ್ಣನ್ನು ನವಸಾಗರವೆಂಬ ಉಪ್ಪಿನ ಜೊತೆ ಕಲಸಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಯಾವುದೋ ಮಣ್ಣು ನಡೆಯುವುದಿಲ್ಲ, ಬಿಸಿಲು ಮಳೆ ತಾಗದ ಜಾಗದ್ದೇ ಬೇಕು. ಹಳಬರು ಅದನ್ನು ನಾಲಿಗೆ ಮೇಲಿಟ್ಟು ಆರಿಸುತ್ತಾರೆ! ಹೀಗೆ ಒಂದು ಹೂಜಿ ಮನೆಯಿಂದ ಮನೆಗೆ ಸುತ್ತಿ ಮುಗಿಯುತ್ತದೆ. ಕಾಂಪ್ಲೆಕ್ಸ್ ಊರ ಹೊರಗಾದರೆ, ಒಲೆ ಮೇಲೆ ಅನ್ನ ಇಟ್ಟು ತಂತಿ ಕೂರಿಸುವ ಹೆಂಗಸರು ದಿನಾ ಆಟೋ ಹತ್ತಿ ಅಲ್ಲಿಗೆ ಹೋಗ್ತಾರಾ? ಕೆಲಸ ಬಿಡ್ತಾರೆ, ಅಷ್ಟೇ.

2006ರಲ್ಲಿ ಬಿದ್ರಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ರಕ್ಷಣೆ ಕೊಡುವ ಗುರುತು, ಬಂತು. 2023ರಲ್ಲಿ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಊರಿಗೇ ಹಬ್ಬ. ಹೆಸರು ಯಾರೂ ಕದಿಯದಂತೆ ಜಿಐ ಇದೆ, ಬಾಡಿಗೆ ಏರದಂತೆ ಏನಿದೆ? ಗೋಡೆಗೆ ಚೆಂದದ ಚಿತ್ರ ಬಂದರೆ ಹಿಂದೆಯೇ ಕಾಫಿ ಅಂಗಡಿ ಬರುತ್ತದೆ, ಆಮೇಲೆ ಮಾಲೀಕರು ಬಾಡಿಗೆ ಜಾಸ್ತಿ ಕೇಳುತ್ತಾರೆ. ಚಿತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಗೋಡೆ ಮೇಲೆ ಬಿದ್ರಿಯ ಚಿತ್ರ ಇದ್ದು, ಗೋಡೆ ಹಿಂದೆ ಸುತ್ತಿಗೆ ಸದ್ದೇ ಇಲ್ಲದಿದ್ದರೆ ಹೇಗೆ ಹೇಳಿ.

ಇನ್ನೊಂದು ತಮಾಷೆ. 1472ರ ಆ ಮದರಸಾ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿದೆ, ಅಲ್ವಾ? ಹಾಗಾಗಿ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಸೋರುವ ಮಾಳಿಗೆ ರಿಪೇರಿಗೂ ಅನುಮತಿ ಬೇಕು. ಆ ನಿಯಮ ಇರಲಿ, ನಾನೂ ಒಪ್ಪುತ್ತೇನೆ. ಆದರೆ ನಮ್ಮ ಮನೆ ಕಟ್ಟೆ ಒಡೆಯಲು ಒಂದೇ ಬೆಳಗ್ಗೆ ಸಾಕಾಯಿತು.

ನಾನು ಕೇಳುವುದು ಇಷ್ಟೇ. ಗುರುತು ಹಾಕುವ ಮುಂಚೆ ಯಾರು ಬಾಡಿಗೆಗಿದ್ದಾರೆ, ಯಾವ ಮನೆಯಲ್ಲಿ ಯಾವ ಕೆಲಸ ನಡೆಯುತ್ತದೆ ಅಂತ ಬರೆದುಕೊಳ್ಳಲಿ. ಜಾಗ ಹೋಗಲೇಬೇಕು ಅಂದರೆ ಅದೇ ಓಣಿಯಲ್ಲಿ ಬೇರೆ ಜಾಗ ಕೊಡಿ. ಒಮ್ಮೆ ನೀವೇ ಬಂದು ನೋಡಿದರೆ ಇನ್ನೂ ಒಳ್ಳೆಯದು, ಚಹಾ ನಮ್ಮದು. ಕಾರು ಮಾತ್ರ ಚೌಬಾರಾ ಹತ್ತಿರ ಬಿಟ್ಟು ನಡೆದು ಬರಬೇಕಾಗುತ್ತದೆ.

ಇಂತಿ,
ಹಳೇ ಊರಿನ ಒಬ್ಬ ಮತದಾರ