ಹೆಸರು ಬರೆಯಲು ಹೆದರುವ ಮೈತ್ರಿಗೆ

ಬದಿಯಡ್ಕ

ಪ್ರೀತಿಯ ಮೈತ್ರಿಗೆ ಸಣ್ಣಜ್ಜನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ಅಮ್ಮನೇ ನಿನಗೆ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಹಾಂಗ್‌ಕಾಂಗ್‌ನ ವಿದ್ಯಾರ್ಥಿಯೊಬ್ಬನ ಚಳವಳಿಯ ನೆನಪುಗಳನ್ನು ಓದಿ ಮುಗಿಸಿದ ರಾತ್ರಿ ನಿದ್ದೆ ಬರಲಿಲ್ಲವೆಂದೂ, ಅದರಲ್ಲಿ ಹೆಸರು ಬಂದಿರುವ ಗೆಳೆಯರೆಲ್ಲ ಈಗ ಏನಾಗಿರಬಹುದೆಂದು ಯೋಚಿಸುತ್ತಾ ಮಲಗಿದ್ದೆಯೆಂದೂ ಬರೆದಿದ್ದೀಯೆ. ನಿಮ್ಮ ಕಾಲೇಜಿನ ಧರಣಿಯ ಬಗ್ಗೆ ನೀನು ಬರೆದಿಡುತ್ತಿರುವುದರಿಂದ ನಿನ್ನ ಗೆಳತಿಯರಿಗೆ ಎಂದಾದರೂ ಕೇಡಾದೀತೇ ಎಂದು ಕೊನೆಯಲ್ಲಿ ಕೇಳಿದ್ದೀಯಲ್ಲ, ಆ ಮಾತು ನನ್ನನ್ನು ಕಲಕಿಬಿಟ್ಟಿದೆ.

ನಿನ್ನ ಹೆದರಿಕೆ ಸುಳ್ಳಲ್ಲ. 2014ರ ಸೆಪ್ಟೆಂಬರ್ 28ರಂದು ಅಶ್ರುವಾಯುವಿಗೆ ಕೊಡೆಯನ್ನು ಅಡ್ಡ ಹಿಡಿದು ನಿಂತ ಆ ಮಕ್ಕಳು, ಹಾಂಗ್‌ಕಾಂಗ್‌ನ ಆಡಳಿತ ನಡೆಸುವ ನಾಯಕನನ್ನು ತಾವೇ ಆರಿಸಬೇಕೆಂದು 79 ದಿನ ಬೀದಿಯಲ್ಲಿ ಕಳೆದರು. ಆ ನಗರದ ಅಡ್ಮಿರಾಲ್ಟಿ ಎಂಬಲ್ಲಿಯ ಹೆದ್ದಾರಿಯಲ್ಲೇ ಮೇಜು ಹಾಕಿಕೊಂಡು ಪಾಠ ಓದಿದರು. ಆಗ ಗೆಳೆಯರ ಹೆಸರು ಬರೆಯುವುದರಲ್ಲಿ ಅಪಾಯವಿದೆಯೆಂದು ಎಷ್ಟು ಮಂದಿಗೆ ತೋರಿರಬಹುದು? 2020ರ ಜೂನ್ 30ರಂದು ಚೀನಾ ಹೇರಿದ ರಾಷ್ಟ್ರೀಯ ಭದ್ರತಾ ಕಾನೂನು ಬಂದದ್ದೇ ತಡ, ಜನರು ತಮ್ಮ ಹಳೆಯ ಬರಹಗಳನ್ನು ತಾವೇ ಅಳಿಸತೊಡಗಿದರು, ಆ ಚಳವಳಿಯ ವಿದ್ಯಾರ್ಥಿ ನಾಯಕ ಜೋಶುವಾ ವಾಂಗ್ ಬರೆದ ಪುಸ್ತಕಗಳನ್ನು ಸಾರ್ವಜನಿಕ ಗ್ರಂಥಾಲಯಗಳ ಕಪಾಟಿನಿಂದ ತೆಗೆಯಲಾಯಿತು. ಆದ್ದರಿಂದ ಹೆದರಬೇಡ ಎಂದು ನಾನು ಹೇಳಲಾರೆ.

1976ರಲ್ಲಿ ನಾನೂ ದಿನಚರಿ ಬರೆಯುತ್ತಿದ್ದೆ. ತುರ್ತುಪರಿಸ್ಥಿತಿಯ ಕಾಲ, ಮಂಗಳೂರಿನಿಂದ ಸೈಕ್ಲೋಸ್ಟೈಲ್ ಮಾಡಿದ ಕರಪತ್ರಗಳನ್ನು ತರುತ್ತಿದ್ದ ಗೆಳೆಯನೊಬ್ಬನಿದ್ದ. ಅವನು ಯಾರ ಮನೆಯ ಅಟ್ಟದಲ್ಲಿ ಮಲಗಿದ, ಯಾರು ಗಂಜಿ ಬಡಿಸಿದರು ಎಂಬುದನ್ನೆಲ್ಲ ಹೆಸರು ಸಮೇತ ಬರೆದಿಟ್ಟಿದ್ದೆ. ಪೊಲೀಸರು ಅವನನ್ನು ಹುಡುಕುತ್ತಿದ್ದಾರೆಂಬ ಸುದ್ದಿ ತಲುಪಿದ ಸಂಜೆ ನನ್ನ ಅಮ್ಮ ಆ ನೋಟುಪುಸ್ತಕಗಳನ್ನು ಬಚ್ಚಲ ಒಲೆಗೆ ಹಾಕಿದರು. ರಟ್ಟು ಬೇಗ ಹೊತ್ತಿಕೊಳ್ಳಲಿಲ್ಲ. ಅಡಿಕೆ ಸೋಗೆ ತುರುಕಿ, ಊದಿ, ಅಂಟಿಕೊಂಡ ಪುಟಗಳನ್ನು ಕೋಲಿನಿಂದ ಬಿಡಿಸಿ ಬಿಡಿಸಿ ಉರಿಸಿದರು. ಅಮ್ಮ ಮಾಡಿದ್ದು ಸರಿ, ಆ ಮನೆಗಳ ಬಾಗಿಲಿಗೆ ಯಾರೂ ಬರಲಿಲ್ಲ. ಆದರೆ ಗೆಳೆಯ ತೀರಿಹೋದ ಮೇಲೆ ಅವನ ಮಗಳು ಬಂದು, ಅಪ್ಪ ಆ ದಿನಗಳಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಊರುಗಳನ್ನು ಹೇಳಿದೆನೇ ಹೊರತು ಮನುಷ್ಯರನ್ನು ಹೇಳಲಾಗಲಿಲ್ಲ. ಗಂಜಿ ಬಡಿಸಿದ ಆ ಹೆಂಗಸಿನ ಹೆಸರು ಈಗಲೂ ನೆನಪಿಗೆ ಬರುತ್ತಿಲ್ಲ ಮೈತ್ರಿ, ಅದು ನನ್ನನ್ನು ಕೊರೆಯುತ್ತಿದೆ.

ಒಂದು ಮಾತು ಹೇಳಲೇ? ಬರೆಯುವ ಮೊದಲು ಪ್ರತಿಯೊಬ್ಬಳನ್ನೂ ಕೇಳು. ಫೋನಿನಲ್ಲಿ ಇಡಬೇಡ ಎನ್ನಬೇಕೆನಿಸುತ್ತದೆ, ಆದರೆ ಆ ಯಂತ್ರದ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಹೆಸರು ಕೇಡು ತರುವುದುಂಟು, ಹೆಸರು ಹೇಳುವವರಿಲ್ಲದೆ ಮನುಷ್ಯನೇ ಇಲ್ಲವಾಗುವುದೂ ಉಂಟು. 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಿಂದ ಪೊಲೀಸರು ಹಿಡಿದೊಯ್ದ ರಾಜನ್ ಎಂಬ ವಿದ್ಯಾರ್ಥಿಯನ್ನು ತಾವು ಬಂಧಿಸಿಯೇ ಇಲ್ಲವೆಂದು ಸರಕಾರ ಹೇಳಿತು. ತಂದೆ ಈಚರ ವಾರಿಯರ್ 1977ರಲ್ಲಿ ಹೈಕೋರ್ಟಿಗೆ ಹೋದಾಗ, ಅವನನ್ನು ಕಂಡವರು ಬಂದು ತಾವು ಕಂಡದ್ದನ್ನು ಹೇಳಿದ್ದರಿಂದಲೇ ನ್ಯಾಯಾಲಯ ಆ ಬಂಧನವನ್ನು ನಂಬಿತು, ಕೇರಳದ ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಕಕ್ಕಯಂನ ಪೊಲೀಸ್ ಶಿಬಿರದಲ್ಲಿ ಸತ್ತ ಮಗನ ದೇಹ ಮಾತ್ರ ಆ ತಂದೆಗೆ ಸಿಗಲೇ ಇಲ್ಲ. ಸಾಕ್ಷಿ ಹೇಳಿದವರಿಗೂ ನಿನ್ನ ಹಾಗೆಯೇ ಹೆದರಿಕೆ ಇದ್ದಿರಬೇಕು.

ಆದ್ದರಿಂದ ನಿನ್ನ ಪುಸ್ತಕವನ್ನು ಒಲೆಗೆ ಹಾಕು ಎನ್ನಲು ನನ್ನಿಂದಾಗದು. ಬರವಣಿಗೆಯಲ್ಲಿ ಬೇರೆ ಹೆಸರಿಟ್ಟು, ನಿಜವಾದ ಹೆಸರುಗಳನ್ನು ಪ್ರತ್ಯೇಕ ಕಾಗದದಲ್ಲಿ ಬರೆದು ಬೇರೆಲ್ಲಾದರೂ ಇಡಬಹುದೋ ಏನೋ. ಇಲ್ಲಿಗೆ ಕಳುಹಿಸಿದರೆ ನಾನು ಇಟ್ಟುಕೊಳ್ಳುತ್ತೇನೆ, ಆದರೆ ನನ್ನ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊ. ಗೆಳತಿಯರಲ್ಲಿ ಯಾರಾದರೂ ಬೇಡವೆಂದರೆ ಕಾರಣ ಕೇಳದೆ ಅವಳ ಹೆಸರನ್ನು ಅಂದೇ ತೆಗೆದುಬಿಡು. ಅವರು ಏನೆಂದರೆಂದು ನನಗೆ ಬರೆ.

ಇತಿ,
ನಿನ್ನ ಸಣ್ಣಜ್ಜ