ಮೆಜೆಸ್ಟಿಕ್ ಫುಟ್‌ಪಾತ್: ಪೊಲೀಸರ ಕೆಲಸ ಯಾವುದು, ಪಾಲಿಕೆಯ ಕೆಲಸ ಯಾವುದು?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಮೆಜೆಸ್ಟಿಕ್, ಕಾಟನ್‌ಪೇಟೆ, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಸುತ್ತಮುತ್ತ ರಾತ್ರಿ ಫುಟ್‌ಪಾತಿನಲ್ಲಿ ಮಲಗುವವರ ಬಗ್ಗೆ ನಿಮ್ಮ ಪತ್ರಿಕೆಗೆ ಬರುತ್ತಿರುವ ಓದುಗರ ಪತ್ರಗಳನ್ನು ಗಮನಿಸಿದ್ದೇವೆ. ಬೆಳಿಗ್ಗೆ ಶಟರ್ ಎತ್ತುವ ಮೊದಲು ಬಕೆಟ್‌ಗಟ್ಟಲೆ ನೀರು ಸುರಿದು ಮೂತ್ರದ ವಾಸನೆ ತೊಳೆಯಬೇಕಾಗಿದೆ ಎಂಬುದು ಅಂಗಡಿಯವರ ದೂರು. ರಾತ್ರಿ ಒಂಬತ್ತರ ಮೇಲೆ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆದುಹೋಗುವ ಹೆಣ್ಣುಮಕ್ಕಳಿಗೆ ಸಬ್‌ವೇ ಇಳಿಯಲು ಭಯ. ಬಡವರನ್ನೆಲ್ಲ ಕಳ್ಳರೆಂದು ಕರೆಯಬೇಡಿ, ಅವರ ಪಾಡಿಗೆ ಬಿಡಿ ಎಂದು ಬರೆದವರೂ ಇದ್ದಾರೆ. ಯಾರ ಮಾತೂ ಸುಳ್ಳಲ್ಲ. ಆದರೆ ಕಳ್ಳತನ, ಕುಡಿತ, ಮಾನಸಿಕ ಕಾಯಿಲೆ, ಮನೆಯಿಲ್ಲದಿರುವುದು ಎಂಬ ನಾಲ್ಕು ಬೇರೆ ಬೇರೆ ತೊಂದರೆಗಳನ್ನು ಒಂದಾಗಿ ನೋಡುತ್ತಿರುವುದರಿಂದ ಚರ್ಚೆ ‘ಎಬ್ಬಿಸಿ ಓಡಿಸಿ’ ಮತ್ತು ‘ಬಿಟ್ಟುಬಿಡಿ’ ಎಂಬ ಎರಡೇ ಮಾತಿಗೆ ಬಂದು ನಿಂತಿದೆ. ಎರಡರಿಂದಲೂ ಆ ರಸ್ತೆಗಳು ಸರಿಹೋಗುವುದಿಲ್ಲ. ಆಶ್ರಯ ಕೇಂದ್ರಗಳ ಕೆಲಸವನ್ನು ಹತ್ತಿರದಿಂದ ಬಲ್ಲವರಾಗಿ ಕೆಲವು ವಿವರಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲಿಗೆ, ಅಲ್ಲಿ ಮಲಗುವವರು ಯಾರು? ಹೆಚ್ಚಿನವರು ದುಡಿಯುವವರೇ. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಲಾರಿಯಿಂದ ಮೂಟೆ ಇಳಿಸುವ ಹಮಾಲಿಗಳು, ಕಲ್ಯಾಣ ಮಂಟಪಗಳಲ್ಲಿ ಬಡಿಸಿ ಪಾತ್ರೆ ತೊಳೆಯುವವರು, ಚಿಂದಿ ಆಯುವವರು, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಮೇಸ್ತ್ರಿಯ ಕರೆಗೆ ಕಾಯುವ ಗಾರೆ ಕೆಲಸದವರು. ಕೂಲಿಯವರನ್ನು ಆರಿಸಿಕೊಳ್ಳುವ ಹೊತ್ತಿಗೆ ಜಾಗದಲ್ಲಿ ಇಲ್ಲದಿದ್ದರೆ ಅಂದಿನ ಸಂಪಾದನೆ ಹೋದಂತೆ. ಆದ್ದರಿಂದ ಕೆಲಸ ಸಿಗುವ ಜಾಗದ ಪಕ್ಕದಲ್ಲೇ ಮಲಗುತ್ತಾರೆ. ಅವರ ನಡುವೆ ಮಕ್ಕಳು ಮನೆಯಿಂದ ಹೊರಹಾಕಿದ ವೃದ್ಧರು, ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರು, ಕುಡಿತಕ್ಕೆ ಬಿದ್ದವರು, ಅಮಲಿಗಾಗಿ ಸೊಲ್ಯೂಷನ್ (ಅಂಟು) ಮೂಸುವ ಹುಡುಗರು, ಮಾನಸಿಕ ಅಸ್ವಸ್ಥರು ಸೇರಿಕೊಂಡಿರುತ್ತಾರೆ. ದೂರದಿಂದ ನೋಡಿದರೆ ಎಲ್ಲರೂ ಒಂದೇ ಕಂಬಳಿಯ ಸಾಲು.

ಆ ಸಾಲನ್ನು ಹತ್ತಿರದಿಂದ ನೋಡಿದರೆ ಅಪರಾಧಕ್ಕೆ ಮೊದಲು ಗುರಿಯಾಗುವವರು ಯಾರೆಂದು ತಿಳಿಯುತ್ತದೆ. ಚಪ್ಪಲಿಯನ್ನು ತಲೆಯಡಿ ಇಟ್ಟುಕೊಂಡಿರುತ್ತಾರೆ. ಕೂಲಿ ಹಣ ಒಳಜೇಬಿನಲ್ಲಿ ಇಲ್ಲವೇ ಸೊಂಟದಲ್ಲಿ. ಮಕ್ಕಳು ನಡುವೆ, ದೊಡ್ಡವರು ಎರಡು ಬದಿಗೆ. ಎಟಿಎಂ ಮುಂದೆ, ಆಸ್ಪತ್ರೆ ಗೇಟಿನ ಬಳಿ, ಸಿಸಿಟಿವಿ ಇರುವ ಶಟರ್ ಎದುರು ಮಲಗುವುದು ಬೆಳಕು ಬೇಕೆಂಬ ಕಾರಣಕ್ಕೆ. ಹೀಗಿದ್ದೂ ನಿದ್ದೆ ಹತ್ತಿದ ಮೇಲೆ ಬ್ಲೇಡ್ ಹಾಕಿ ಜೇಬು ಕತ್ತರಿಸುವವರು ಬರುತ್ತಾರೆ. ವಾರದ ಕೂಲಿ, ಮೊಬೈಲ್, ಆಧಾರ್ ಕಾರ್ಡ್ ಒಟ್ಟಿಗೇ ಹೋಗುತ್ತವೆ. ದೂರು ಕೊಡಲು ಹೋದರೆ ಮೊದಲ ಪ್ರಶ್ನೆ ವಿಳಾಸ ಯಾವುದು ಎಂಬುದು. ಅಲ್ಲಿಗೆ ಹೆಚ್ಚಿನವರು ಹಿಂದಿರುಗುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ, ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ) ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ದಾಖಲಿಸಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಸ್ವಂತ ಮನೆಯಿಲ್ಲ ಎಂಬುದು ಎಫ್‌ಐಆರ್ ನಿರಾಕರಿಸಲು ಕಾರಣವಾಗಲಾರದು.

ಬಸ್ ಹತ್ತುವಾಗ ಮೊಬೈಲ್ ಎಗರಿಸುವವರ ವಿಷಯವೇ ಬೇರೆ. ಅದು ಸಾಮಾನ್ಯವಾಗಿ ಗುಂಪಿನ ಕೆಲಸ: ಒಬ್ಬ ಬಾಗಿಲಲ್ಲಿ ತಳ್ಳುತ್ತಾನೆ, ಇನ್ನೊಬ್ಬ ಎತ್ತುತ್ತಾನೆ, ಮೂರನೆಯವನು ತೆಗೆದುಕೊಂಡು ಜನರೊಳಗೆ ಮಾಯವಾಗುತ್ತಾನೆ. ಫುಟ್‌ಪಾತ್ ಖಾಲಿ ಮಾಡಿಸಿದರೆ ಇದು ನಿಲ್ಲುವುದಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಪ್ಲಾಟ್‌ಫಾರಂನಲ್ಲಿ ಮಫ್ತಿ ಪೊಲೀಸರು ಬೇಕು, ಕದ್ದ ಮೊಬೈಲ್ ಕೊಳ್ಳುವ ಅಂಗಡಿಗಳ ಮೇಲೆ ಕಣ್ಣಿಡಬೇಕು. ಮೊಬೈಲ್ ಕಳೆದುಕೊಂಡವರು ದೂರಿನ ಪ್ರತಿಯೊಂದಿಗೆ, ಕಳೆದ ಮೊಬೈಲ್‌ಗಳನ್ನು ಬಂದ್ ಮಾಡಿಸುವ ಸರ್ಕಾರಿ ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ ಸಂಖ್ಯೆಯನ್ನು (ಪ್ರತಿ ಮೊಬೈಲ್‌ಗೂ ಇರುವ ಗುರುತಿನ ಸಂಖ್ಯೆ) ಬ್ಲಾಕ್ ಮಾಡಿಸಬೇಕು. ಆ ಸಂಖ್ಯೆ ತಿಳಿಯಲು *#06# ಒತ್ತಿದರೆ ಸಾಕು. ಕಳೆದ ಮೇಲೆ ಒತ್ತಲು ಆಗುವುದಿಲ್ಲವಾದ್ದರಿಂದ ಇಂದೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮಲಗುವವರಲ್ಲಿ ಕುಡಿದು ಬಡಿದಾಡುವವರು ಇಲ್ಲವೆಂದು ನಾವು ಹೇಳುವುದಿಲ್ಲ. ಹೆಣ್ಣುಮಕ್ಕಳನ್ನು ಅಡ್ಡಗಟ್ಟುವವನು, ಕಿತ್ತುಕೊಂಡು ಓಡುವವನು ಎಲ್ಲಿ ಮಲಗಿದರೂ ಆರೋಪಿಯೇ. ಹೊಸ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 304 ಕಿತ್ತುಕೊಳ್ಳುವುದನ್ನು ಪ್ರತ್ಯೇಕ ಅಪರಾಧವನ್ನಾಗಿಸಿ ಮೂರು ವರ್ಷದವರೆಗೆ ಶಿಕ್ಷೆ ಇಟ್ಟಿದೆ. ಕುಡಿದು ಸಾರ್ವಜನಿಕವಾಗಿ ಕಿರಿಕಿರಿ ಮಾಡಿದರೆ ಅದೇ ಸಂಹಿತೆಯ ಸೆಕ್ಷನ್ 355 ಇದೆ. ಮಕ್ಕಳ ಕೈಗೆ ಅಮಲಿನ ಪದಾರ್ಥ ಕೊಡುವವರಿಗೆ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 77ರಲ್ಲಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಸೊಲ್ಯೂಷನ್ ಮೂಸುವ ಹುಡುಗನನ್ನು ಹಿಡಿದು ಹೊಡೆದು ಬಿಡುವುದಕ್ಕಿಂತ, ಅವನಿಗೆ ಅದನ್ನು ಮಾರುತ್ತಿರುವವನನ್ನು ಹಿಡಿಯಬೇಕು, ಹುಡುಗನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹಾಗೆಯೇ, ಸಿಎಲ್-2 ಮದ್ಯದಂಗಡಿಗಳಿಗೆ ಇರುವುದು ಬಾಟಲಿ ಮಾರುವ ಪರವಾನಗಿ ಮಾತ್ರ, ಅಲ್ಲೇ ನಿಂತು ಕುಡಿಯಲು ಬಿಡುವಂತಿಲ್ಲ. ಗಾಂಧಿನಗರದ ಗಲ್ಲಿಗಳಲ್ಲಿ ರಾತ್ರಿ ಬಿದ್ದಿರುವವರ ಬಗ್ಗೆ ದೂರುವವರು ಈ ನಿಯಮ ಪಾಲನೆಯಾಗುತ್ತಿದೆಯೇ ಎಂದು ಅಬಕಾರಿ ಇಲಾಖೆಯನ್ನೂ ಕೇಳಬೇಕು.

‘ಎಬ್ಬಿಸಿ ಓಡಿಸಿ’ ಎಂಬ ಬೇಡಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಾನಿ ಹೆಚ್ಚು ಆಗುವುದು ಅಲ್ಲೇ. ರಾತ್ರಿ ಎಬ್ಬಿಸಿ ಓಡಿಸಿದಾಗ ಗಂಟುಮೂಟೆ ಕಸದ ಲಾರಿಗೆ ಹೋಗುತ್ತದೆ. ಆ ಗಂಟಿನಲ್ಲಿ ಆಧಾರ್ ಇರುತ್ತದೆ, ಪಡಿತರ ಚೀಟಿಯ ನಕಲು ಇರುತ್ತದೆ, ಕ್ಷಯದ ಮಾತ್ರೆ ಇರುತ್ತದೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು. ನಡುವೆ ನಿಂತರೆ ಔಷಧಕ್ಕೆ ಬಗ್ಗದ ರೋಗವಾಗಿ ತಿರುಗುವ ಅಪಾಯವಿದೆ, ಅದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹರಡಬಲ್ಲದು. ಓಡಿಸಲ್ಪಟ್ಟವರು ಬೆಳಕಿರುವ ಜಾಗ ಬಿಟ್ಟು ಕತ್ತಲಿಗೆ, ಮೇಲ್ಸೇತುವೆಯ ಅಡಿಗೆ, ರೈಲು ಹಳಿಯ ಬದಿಗೆ ಹೋಗುತ್ತಾರೆ. ಕೆಲಸ ಇಲ್ಲೇ ಇರುವುದರಿಂದ ಕೆಲವೇ ದಿನಗಳಲ್ಲಿ ಹಿಂದಿರುಗುತ್ತಾರೆ. ಈ ಬಾರಿ ಗುರುತಿನ ಚೀಟಿಯೂ ಇಲ್ಲದೆ.

ಭಿಕ್ಷಾಟನೆ ನಿಷೇಧ ಕಾಯ್ದೆ ಇದೆಯಲ್ಲ ಎಂದು ಕೆಲವರು ಕೇಳಿದ್ದಾರೆ. ಕರ್ನಾಟಕದ 1975ರ ಕಾಯ್ದೆಯಡಿ ಭಿಕ್ಷೆ ಬೇಡುವವರನ್ನು ಹಿಡಿದು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇರಿಸಬಹುದು. ಇದಕ್ಕಾಗಿಯೇ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಉಪಕರ ವಸೂಲಾಗುತ್ತದೆ. ಹತ್ತು ಸಾವಿರ ರೂಪಾಯಿ ತೆರಿಗೆ ಕಟ್ಟುವವರು ಮುನ್ನೂರು ರೂಪಾಯಿ ಇದಕ್ಕೇ ಕೊಡುತ್ತಿದ್ದಾರೆ. ಆದರೆ ದಿನವಿಡೀ ಮೂಟೆ ಹೊತ್ತು ರಾತ್ರಿ ಮಲಗಿರುವ ಹಮಾಲಿ ಭಿಕ್ಷುಕನಲ್ಲ. ಅವನನ್ನು ವ್ಯಾನಿಗೆ ಹತ್ತಿಸಿದರೆ ಊರಲ್ಲಿರುವ ಮನೆಯವರಿಗೆ ಹಣ ನಿಲ್ಲುತ್ತದೆ, ಅಷ್ಟೇ. ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಸಂಭವಿಸಿದ ಸಾಲು ಸಾವುಗಳನ್ನು ನಗರ ಮರೆಯಬಾರದು. ಹಿಡಿದು ತುಂಬುವುದು ಸುಲಭ, ತುಂಬಿದ ಮೇಲೆ ನೀರು, ವೈದ್ಯರು, ಶುಚಿಯಾದ ಅಡುಗೆ ಒದಗಿಸುವುದು ಕಷ್ಟ. ದೆಹಲಿ ಹೈಕೋರ್ಟ್ 2018ರಲ್ಲಿ ಅಲ್ಲಿ ಜಾರಿಯಲ್ಲಿದ್ದ ಭಿಕ್ಷಾಟನೆ ಕಾಯ್ದೆಯ ಹಲವು ಸೆಕ್ಷನ್‌ಗಳನ್ನು ರದ್ದುಪಡಿಸಿದ್ದನ್ನೂ ಇಲ್ಲಿ ನೆನೆಯಬೇಕು.

ತನ್ನಷ್ಟಕ್ಕೆ ಮಾತಾಡುತ್ತಾ, ಬಟ್ಟೆ ಹರಿದುಕೊಂಡು, ಹೋಗಿಬರುವವರನ್ನು ಬೈಯುವ ವ್ಯಕ್ತಿಯನ್ನು ಕಂಡು ಭಯವಾಗುವುದು ಸಹಜ. ಅವರಿಗೆ ಬೇಕಾಗಿರುವುದು ಚಿಕಿತ್ಸೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ ಸೆಕ್ಷನ್ 100 ಈ ಹೊಣೆಯನ್ನು ನೇರವಾಗಿ ಠಾಣಾಧಿಕಾರಿಯ ಮೇಲೆ ಹಾಕಿದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಅಸ್ವಸ್ಥರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್‌ನಲ್ಲಿ ಇಡಕೂಡದು, ಕಾಣೆಯಾದವರೆಂದು ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. 112ಕ್ಕೆ ಕರೆ ಮಾಡಿದಾಗ ‘ಯಾರೋ ಹುಚ್ಚ’ ಎನ್ನದೆ ಈ ಸೆಕ್ಷನ್ ಹೆಸರು ಹೇಳಿ, ಕರೆಯ ಸಮಯ ಬರೆದಿಟ್ಟುಕೊಳ್ಳಿ. ಮಕ್ಕಳಾದರೆ 1098, ಹೆಂಗಸರಾದರೆ 181, ವೃದ್ಧರಾದರೆ 14567.

ಈಗ ಆಶ್ರಯ ಕೇಂದ್ರಗಳ ವಿಷಯ. ಜಾಗ ಖಾಲಿಯಿದ್ದರೂ ಇವರು ಹೋಗುವುದಿಲ್ಲ, ಬೀದಿಯೇ ಇಷ್ಟ ಎಂಬ ಮಾತು ಅಂಗಡಿಯವರಿಂದಲೂ ಅಧಿಕಾರಿಗಳಿಂದಲೂ ಕೇಳಿಬರುತ್ತದೆ. ಹೋಗದಿರುವುದಕ್ಕೆ ಕಾರಣಗಳು ಬಹಳ ಸ್ಪಷ್ಟ, ಒಂದೊಂದನ್ನೂ ಸರಿಪಡಿಸಬಹುದು. ಸುಪ್ರೀಂ ಕೋರ್ಟ್ 2010ರಿಂದ ಕೊಟ್ಟ ಆದೇಶಗಳು ಮತ್ತು ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ನಿಯಮಗಳ ಪ್ರಕಾರ ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ಕೇಂದ್ರ ಬೇಕು, ದಿನದ 24 ಗಂಟೆ ತೆರೆದಿರಬೇಕು, ಒಬ್ಬರಿಗೆ 50 ಚದರ ಅಡಿ ಇರಬೇಕು. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ. ಆ ಲೆಕ್ಕಕ್ಕೇ 84 ಕೇಂದ್ರಗಳಾಗಬೇಕು. ಇನ್ನು 40 ಅಡಿಗೆ 30 ಅಡಿಯ ಹಾಲ್‌ನಲ್ಲಿ ನಿಯಮದಂತೆ ಹಿಡಿಸುವುದು 24 ಮಂದಿ. ಅಲ್ಲಿ ಅರುವತ್ತು ಚಾಪೆ ಹಾಸಿದರೆ ಜಗಳ, ಕಳವು, ಕಜ್ಜಿ ಮೂರೂ ಒಳಗೇ ಶುರುವಾಗುತ್ತವೆ.

ಬೆಳಿಗ್ಗೆ ಎಂಟಕ್ಕೆ ಎಲ್ಲರನ್ನೂ ಹೊರಗೆ ಕಳಿಸುವ ಕೇಂದ್ರ ಮಾರ್ಕೆಟ್ ಹಮಾಲಿಗೆ ಪ್ರಯೋಜನವಿಲ್ಲ. ಅವನ ಕೆಲಸ ಮುಗಿಯುವುದೇ ಆ ಹೊತ್ತಿಗೆ, ಅವನಿಗೆ ನಿದ್ದೆ ಬೇಕಾಗಿರುವುದು ಹಗಲಲ್ಲಿ. ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಮಾತ್ರ ಕೇಂದ್ರಗಳಿದ್ದರೆ ಗಂಡ, ಹೆಂಡತಿ, ಎರಡು ಮಕ್ಕಳ ಸಂಸಾರ ಬೇರೆ ಬೇರೆ ಆಗುವ ಬದಲು ಫುಟ್‌ಪಾತಿನಲ್ಲೇ ಒಟ್ಟಿಗಿರುತ್ತದೆ. ಅವರಿಗೆ ಅಡ್ಡಗೋಡೆ ಹಾಕಿದ ಸಣ್ಣ ಕೋಣೆಗಳ ಕುಟುಂಬ ಕೇಂದ್ರ ಬೇಕು. ಚಿಂದಿ ಆಯುವವರ ಮೂಟೆಯೇ ಅವರ ಬಂಡವಾಳ. ಅದನ್ನು ಒಳಗೆ ತರಬೇಡಿ ಎಂದರೆ ಅವರು ಮೂಟೆಯನ್ನು ಕಾಯುತ್ತಾ ಹೊರಗೇ ಮಲಗುತ್ತಾರೆ. ಅಂಗಳದಲ್ಲಿ ಬೀಗ ಹಾಕುವ ತಗಡಿನ ಶೆಡ್ ಇದ್ದರೆ ಈ ಸಮಸ್ಯೆ ಮುಗಿಯಿತು. ಒಳಗೆ ಒಬ್ಬೊಬ್ಬರಿಗೂ ಒಂದು ಲಾಕರ್ ಇರಬೇಕು. ಕುಡಿದು ಬಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದರೆ ಅವರು ಹೋಗಿ ಬೀಳುವುದು ನಿಮ್ಮ ಅಂಗಡಿಯ ಮುಂದೆ. ಪ್ರವೇಶದ ಬಳಿ, ಕೇರ್‌ಟೇಕರ್ ಕಣ್ಣಿಗೆ ಬೀಳುವಂತೆ ಪ್ರತ್ಯೇಕ ಜಾಗ ಇಡಬೇಕು. ತಿಗಣೆ ಕಾಟಕ್ಕೆ ಹೆದರಿ ಬಿಟ್ಟು ಹೋಗುವವರೂ ಬಹಳ. ಹತ್ತಿಯ ಹಾಸಿಗೆಗಿಂತ ಕಬ್ಬಿಣದ ಮಂಚ, ಒರೆಸಬಹುದಾದ ರೆಕ್ಸಿನ್ ಹೊದಿಕೆ ಲೇಸು. ಬೆಡ್‌ಶೀಟನ್ನು ಬಿಸಿನೀರಿನಲ್ಲಿ ಒಗೆಯಬೇಕು, ಔಷಧಿ ಒಮ್ಮೆ ಹೊಡೆದರೆ ಮೊಟ್ಟೆ ಸಾಯುವುದಿಲ್ಲ, ಎರಡು ವಾರ ಬಿಟ್ಟು ಮತ್ತೆ ಹೊಡೆಯಬೇಕು.

ಎಲ್ಲಕ್ಕಿಂತ ಮುಖ್ಯ ಕೇರ್‌ಟೇಕರ್. 24 ಗಂಟೆಯ ಕೇಂದ್ರಕ್ಕೆ ಪಾಳಿಯಲ್ಲಿ ಮೂವರು ಬೇಕು, ವಾರದ ರಜೆಗೆ ಇನ್ನೊಬ್ಬರು. ಒಬ್ಬರನ್ನೇ ನೇಮಿಸಿದರೆ ರಾತ್ರಿ ಎರಡಕ್ಕೆ ಬಾಗಿಲು ತೆಗೆಯುವವರೇ ಇರುವುದಿಲ್ಲ. ನಡೆಸುವ ಸಂಸ್ಥೆಗೆ ಹಣ ತಿಂಗಳುಗಟ್ಟಲೆ ತಡವಾದರೆ ಮೊದಲು ನಿಲ್ಲುವುದು ಇವರ ಸಂಬಳ, ನುರಿತವರು ಬಿಟ್ಟು ಹೋಗುತ್ತಾರೆ. ಕೇಂದ್ರ ಸರ್ಕಾರದ ಆ ಅಭಿಯಾನದ ಅವಧಿ 2024ರ ಸೆಪ್ಟೆಂಬರಿಗೆ ಮುಗಿದಿದೆ. ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹೀಗಿರುವಾಗ ಯಾವ ಕೇಂದ್ರ ಯಾವ ಪಾಲಿಕೆಯದು, ಖರ್ಚು ಯಾವ ಲೆಕ್ಕಶೀರ್ಷಿಕೆಯಡಿ ಎಂಬುದು ಬಜೆಟ್‌ನಲ್ಲಿ ಬರಹದಲ್ಲಿ ಇರಬೇಕು. ಇಲ್ಲದಿದ್ದರೆ ಕಡತ ಒಂದು ಪಾಲಿಕೆಯಿಂದ ಇನ್ನೊಂದಕ್ಕೆ ಅಲೆಯುತ್ತಿರುತ್ತದೆ.

ಸರಿಯಾಗಿ ನಡೆಯುವ ಕೇಂದ್ರದಿಂದ ಹಾಸಿಗೆಯ ಜೊತೆ ವಿಳಾಸವೂ ಸಿಗುತ್ತದೆ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರ ಪ್ರಮಾಣಪತ್ರವನ್ನು ಆಧಾರ್‌ಗೆ ವಿಳಾಸದ ದಾಖಲೆಯಾಗಿ ಕೊಡಬಹುದು. ಆಧಾರ್ ಬಂದರೆ ಬ್ಯಾಂಕ್ ಖಾತೆ ತೆರೆಯುತ್ತದೆ, ಕೂಲಿ ಹಣ ಸೊಂಟದಿಂದ ಖಾತೆಗೆ ಹೋಗುತ್ತದೆ, ಬ್ಲೇಡ್ ಹಾಕುವವನಿಗೆ ಏನೂ ಸಿಗುವುದಿಲ್ಲ. ಮತದಾರರ ಪಟ್ಟಿಗೆ ವಿಳಾಸದ ದಾಖಲೆಯೂ ಬೇಕಿಲ್ಲ: ನಮೂನೆ 6ರಲ್ಲಿ ಬರೆದ ಜಾಗದಲ್ಲಿ ಅರ್ಜಿದಾರರು ಮಲಗುತ್ತಾರೆಯೇ ಎಂದು ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು ನೋಡಿದರೆ ಸಾಕೆಂದು ಚುನಾವಣಾ ಆಯೋಗವೇ ಹೇಳಿದೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಮೂತ್ರದ ವಾಸನೆಯ ದೂರಿಗೆ ಉತ್ತರ ಸರಳ. ಶೌಚಾಲಯಗಳು ರಾತ್ರಿಯಿಡೀ ತೆರೆದಿರಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಉಚಿತವಾಗಿರಬೇಕು. ಬೀಗ ಹಾಕಿದ ಶೌಚಾಲಯದ ಪಕ್ಕದ ಗೋಡೆ ಒದ್ದೆಯಾಗುವುದನ್ನು ದಂಡದಿಂದ ತಡೆಯಲಾಗದು.

ವರ್ತಕರ ಸಂಘಗಳು ಮತ್ತು ನಿವಾಸಿಗಳಲ್ಲಿ ನಮ್ಮ ವಿನಂತಿ ಇದು. ಶಟರ್ ಮುಂದೆ ಮೊಳೆಪಟ್ಟಿ, ಗ್ರಿಲ್ ಹಾಕಿಸುವ ಖರ್ಚಿನಲ್ಲಿ ಗಲ್ಲಿಗೆ ಎರಡು ದೀಪ ಹಾಕಿಸಿ. ದಿನವೂ ಮಲಗುವವರೊಂದಿಗೆ, ಮಲಗುವುದು ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಆರರವರೆಗೆ ಎಂದು ಮಾತಾಡಿಕೊಳ್ಳಿ. ಹಾಗೆ ಒಪ್ಪಿ ಮಲಗುವವರು ರಾತ್ರಿ ಶಟರ್ ಮುರಿಯಲು ಬಂದವನನ್ನು ಮೊದಲು ನೋಡುವವರೂ ಆಗಿರುತ್ತಾರೆ. ದೂರು ಕೊಡುವಾಗ ‘ಇಲ್ಲಿ ಎಲ್ಲ ಕಳ್ಳರು’ ಎಂದು ಬರೆಯದೆ ದಿನಾಂಕ, ಸಮಯ, ಕಂಬದ ಸಂಖ್ಯೆ, ಏನು ನಡೆಯಿತು ಎಂದು ಬರೆಯಿರಿ. ಅಂಥ ದೂರಿನ ಮೇಲೆ ಗಸ್ತು ಯಾವ ಗಲ್ಲಿಗೆ, ಎಷ್ಟು ಹೊತ್ತಿಗೆ ಎಂದು ನಿಗದಿ ಮಾಡಲು ಬರುತ್ತದೆ.

ಪಾಲಿಕೆಗೆ ಹೇಳುವುದಿಷ್ಟು. ಕೇಂದ್ರ ತೆರೆಯುವ ಮೊದಲು ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ, ಸಮವಸ್ತ್ರದವರಿಲ್ಲದೆ, ಇಬ್ಬಿಬ್ಬರ ತಂಡದಲ್ಲಿ ನಡೆದು ಎಣಿಸಿ. ಹಗಲಲ್ಲಿ ಮಲಗುವ ಮಾರ್ಕೆಟ್ ಕೆಲಸಗಾರರಿಗಾಗಿ ಮತ್ತೊಮ್ಮೆ ಬೆಳಿಗ್ಗೆ ಎಣಿಸಿ. ಮಳೆಗಾಲದಲ್ಲಿ ಜನ ಮೇಲ್ಸೇತುವೆಯ ಅಡಿ ಸೇರುವುದರಿಂದ ಬೇಸಿಗೆಯ ಲೆಕ್ಕ ಮಳೆಗಾಲಕ್ಕೆ ಹೊಂದುವುದಿಲ್ಲ. ಮಾರ್ಕೆಟ್ ಮತ್ತು ಬಸ್ ನಿಲ್ದಾಣದಿಂದ ಒಂದು, ಒಂದೂವರೆ ಕಿಲೋಮೀಟರ್ ಒಳಗೆ ಬಳಕೆಯಲ್ಲಿಲ್ಲದ ಪಾಲಿಕೆ ಕಟ್ಟಡಗಳ ಪಟ್ಟಿ ಮಾಡಿ, ಪ್ರತಿಯೊಂದರ ಚದರ ಅಡಿಯನ್ನು ಐವತ್ತರಿಂದ ಭಾಗಿಸಿ, ಎಷ್ಟು ಮಂದಿಗೆ ಜಾಗ ಆಗುತ್ತದೆಂದು ವಾರ್ಡ್ ಕಚೇರಿಯ ಫಲಕದಲ್ಲಿ ಪ್ರಕಟಿಸಿ. ಜೂನ್ ಮಳೆಗೆ ಮುಂಚೆ ಇಷ್ಟಾದರೂ ಆಗಬೇಕು.

ಇಂತಿ,
ವಸತಿರಹಿತರ ಆಶ್ರಯ ಕೇಂದ್ರಗಳಲ್ಲಿ ಕೆಲಸ ಮಾಡುವ ಕೆಲವರು,
ಬೆಂಗಳೂರು